ಅಡ್ಡ ಹೋಗುವ ದೋಣಿ, ಉದ್ದಕ್ಕೆ ಹೋಗುವ ದೋಣಿ

ಕೊಡಗಿನಲ್ಲಿ ದೋಣಿ ಇರುವುದು ಹೊಳೆ ದಾಟುವುದಕ್ಕೆ. ಈ ದಡದಿಂದ ಆ ದಡಕ್ಕೆ, ಅಷ್ಟೇ. ಸೇತುವೆಗಳು ಕಡಿಮೆ ಇದ್ದ ಕಾಲದಲ್ಲಿ ಕಾವೇರಿಯ ಆಚೆ ತೋಟ, ಗದ್ದೆ ಇದ್ದವರು ದೋಣಿಯನ್ನೇ ನಂಬಿದ್ದರು. ದುಬಾರೆಯ ಆನೆ ಶಿಬಿರಕ್ಕೆ ಹೋಗುವವರು ಈಗಲೂ ದೋಣಿಯಲ್ಲಿ ದಾಟುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆಯಿಂದ ಬಂಡೆಗೆ ಕಾಲಿಟ್ಟು ನಡೆದೇ ಹೋಗುವುದೂ ಉಂಟು. ಮಳೆಗಾಲದಲ್ಲಿ ಭಾಗಮಂಡಲದ ಸಂಗಮ ಉಕ್ಕಿ ನಾಪೋಕ್ಲು ರಸ್ತೆ ಮುಳುಗಿದರೆ ರಬ್ಬರ್ ಬೋಟ್ ಬರುತ್ತದೆ. ಅದರ ಕೆಲಸವೂ ರಸ್ತೆಯ ಈ ತುದಿಯವರನ್ನು ಆ ತುದಿಗೆ ಮುಟ್ಟಿಸುವುದೇ.

ಹೊಳೆಯ ಉದ್ದಕ್ಕೆ ದೋಣಿಯಲ್ಲಿ ಹೋಗಬಹುದು ಎನ್ನುವ ಯೋಚನೆ ನಮ್ಮವರ ತಲೆಗೆ ಸುಲಭವಾಗಿ ಬರುವುದಿಲ್ಲ. ಬಂದರೂ ಏನು ಮಾಡುವುದು? ನಾಲ್ಕು ಹುಟ್ಟು ಹಾಕುವಷ್ಟರಲ್ಲಿ ಬಂಡೆ ಎದುರಾಗುತ್ತದೆ.

ಘಟ್ಟ ಇಳಿದು ಕರಾವಳಿಗೆ ಹೋದರೆ ಲೆಕ್ಕ ಉಲ್ಟಾ. ಅಲ್ಲಿ ಹೊಳೆಯೇ ದಾರಿ. ಮರಳು, ಮಣ್ಣು, ತೆಂಗಿನಕಾಯಿ, ಹಂಚು, ಮದುವೆ ದಿಬ್ಬಣ, ಎಲ್ಲವೂ ಒಂದು ಕಾಲದಲ್ಲಿ ಹೊಳೆಯ ಉದ್ದಕ್ಕೇ ಓಡಾಡಿದ್ದು. ಹಳೆಯ ಮನೆಗಳ ಮುಂಬಾಗಿಲು ಹೊಳೆಯ ಕಡೆಗಿದೆ, ರಸ್ತೆಯ ಕಡೆಗಿರುವುದು ಹಿತ್ತಲು. ಆ ಹೊಳೆಯ ನೀರು ಎಲ್ಲಿಂದ ಬಂತು ಎಂದು ಕೇಳಿದರೆ ದೋಣಿಯವರು ಪೂರ್ವಕ್ಕೆ ಕೈ ತೋರಿಸುತ್ತಾರೆ. ಅಂದರೆ ನಮ್ಮ ಕಡೆಗೆ.

ನನ್ನ ತಲೆಗೆ ಹುಳ ಹೊಕ್ಕಿದ್ದು ಅಲ್ಲೇ. ಕಡಲಿನಿಂದ ಶುರು ಮಾಡಿ ಹೊಳೆ ಹತ್ತುತ್ತಾ ಬಂದರೆ ಒಂದು ಸಣ್ಣ ದೋಣಿ ಕೊಡಗಿಗೆ ಎಷ್ಟು ಹತ್ತಿರ ಬರಬಹುದು?

ಕೊಡಗು ಅಂದ ಕೂಡಲೇ ಎಲ್ಲರ ಬಾಯಿಗೂ ಬರುವುದು ಕಾವೇರಿ. ತಪ್ಪೇನಿಲ್ಲ. ತುಲಾ ಸಂಕ್ರಮಣದ ದಿನ ತಲಕಾವೇರಿಯಲ್ಲಿ ನಿಂತವರಿಗೆ ಬೇರೆ ಹೊಳೆ ನೆನಪಾಗುವುದಾದರೂ ಹೇಗೆ? ಆದರೆ ಅದೇ ಬ್ರಹ್ಮಗಿರಿಯ ಮೆಟ್ಟಿಲು ಹತ್ತಿ ಪಡುವಣಕ್ಕೆ ಮುಖ ಮಾಡಿ ನೋಡಿ. ಆ ಕಡೆ ಬಿದ್ದ ಮಳೆ ಕಾವೇರಿಗೆ ಸೇರುವುದಿಲ್ಲ. ಕಾವೇರಿ ಪೂರ್ವಕ್ಕೆ ತಿರುಗಿ ಸುಮಾರು 800 ಕಿಲೋಮೀಟರ್ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಪಡುವಣದ ನೀರಿಗೆ ಅಷ್ಟು ತಾಳ್ಮೆ ಇಲ್ಲ. ನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಕೆಲಸ ಮುಗಿಸಿ ಅರಬ್ಬಿ ಕಡಲಿಗೆ ಬಿದ್ದುಬಿಡುತ್ತದೆ. ಸಂಪಾಜೆ ಕಡೆಯಿಂದ ಇಳಿಯುವ ಪಯಸ್ವಿನಿ ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯಾಗಿ ಕಡಲು ಸೇರುತ್ತದೆ. ದಕ್ಷಿಣದ ಬ್ರಹ್ಮಗಿರಿ ಸಾಲಿನಿಂದ ಇಳಿಯುವ ಬರಪೊಳೆ ಮಾಕುಟ್ಟ ದಾಟಿ ಕಣ್ಣೂರಿನ ವಳಪಟ್ಟಣಂ ಹೊಳೆಗೆ ಸೇರುತ್ತದೆ. ಉತ್ತರದಲ್ಲಿ 1,712 ಮೀಟರ್ ಎತ್ತರದ ಪುಷ್ಪಗಿರಿಯ ಕುಮಾರಧಾರೆ ಸುಬ್ರಹ್ಮಣ್ಯದ ಮೇಲೆ ಹಾದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ, ಅಲ್ಲಿಂದ ಮಂಗಳೂರು. ಮೂರು ಹೊಳೆ, ಮೂರು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಬಾಯಿ. ಮೂರರಲ್ಲೂ ನಮ್ಮ ನೀರಿದೆ. ಆದರೂ ಮಡಿಕೇರಿಯಲ್ಲಿ ಕುಳಿತು ಮಾತಾಡುವಾಗ ಅವುಗಳ ಹೆಸರು ಬರುವುದು ಗುಡ್ಡ ಜಾರಿದಾಗ ಮಾತ್ರ.

ಚಂದ್ರಗಿರಿಯಿಂದ ಶುರು ಮಾಡಿದೆ. ಕಾಸರಗೋಡಿನಲ್ಲಿ ಪರಿಚಯದವರೊಬ್ಬರ ಫೈಬರ್ ದೋಣಿ ಇತ್ತು, ಅದಕ್ಕೊಂದು 9.9 ಅಶ್ವಶಕ್ತಿಯ ಎಂಜಿನ್. ದೋಣಿಯಾತ ಮೀನು ಹಿಡಿಯುವವ, ನಡುವಯಸ್ಸಿನವ. ಮಲಯಾಳ, ತುಳು, ಕನ್ನಡ ಮೂರನ್ನೂ ಒಂದೇ ವಾಕ್ಯದಲ್ಲಿ ಹಾಕಿ ಮಾತಾಡುತ್ತಾನೆ, ಆ ಊರಿನಲ್ಲಿ ಅದು ಮಾಮೂಲಿ. ಬೆಳಿಗ್ಗೆ ಆರಕ್ಕೆ ಹೊರಡೋಣ ಎಂದೆ. ಆತ ಒಪ್ಪಲಿಲ್ಲ. ಮೊಬೈಲಿನಲ್ಲಿ ಏನೋ ನೋಡಿ, ಎಂಟೂವರೆಗೆ ಬನ್ನಿ, ಈಗ ನೀರು ಇಳೀತಾ ಉಂಟು ಎಂದ.

ಬೆಟ್ಟದವರಿಗೆ ಈ ಲೆಕ್ಕ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ನಮ್ಮ ಹೊಳೆಗೆ ಒಂದೇ ದಿಕ್ಕು, ಮೇಲಿನಿಂದ ಕೆಳಕ್ಕೆ. ಇಲ್ಲಿ ಹಾಗಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇವತ್ತಿನ ಉಬ್ಬರ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅದರ ಜೋರು ಜಾಸ್ತಿ. ಉಬ್ಬರ ಶುರುವಾದರೆ ಹೊಳೆ ಹಿಂದಕ್ಕೆ ಹರಿಯುತ್ತದೆ. ಸುಮ್ನೆ ಹೇಳುವ ಮಾತಲ್ಲ, ಕಣ್ಣಾರೆ ಕಾಣುತ್ತದೆ. ತೇಲುತ್ತಿದ್ದ ತೆಂಗಿನ ಗರಿಯೊಂದು ಸ್ವಲ್ಪ ಹೊತ್ತು ನಿಂತಲ್ಲೇ ನಿಂತಿತು. ಆಮೇಲೆ ನಿಧಾನಕ್ಕೆ ಘಟ್ಟದ ಕಡೆ ಹೊರಟಿತು. ನಾವೂ ಅದರ ಹಿಂದೆಯೇ ಹೊರಟೆವು. ಆ ಹೊತ್ತಿನಲ್ಲಿ ಎಂಜಿನ್ ಇಲ್ಲದ ದೋಣಿಯೂ ಹೆಚ್ಚು ಹುಟ್ಟು ಹಾಕದೆ ಮೇಲಕ್ಕೆ ಹೋಗುತ್ತದೆ. ಹಿಂದಿನವರು ಸರಕು ಸಾಗಿಸಿದ್ದೇ ಹೀಗೆ. ಮೇಲಕ್ಕೆ ಹೋಗಲು ಕಡಲು ತಳ್ಳುತ್ತದೆ, ಕೆಳಕ್ಕೆ ಬರಲು ಬೆಟ್ಟ ತಳ್ಳುತ್ತದೆ. ಕಾಯುವ ತಾಳ್ಮೆ ಇದ್ದರೆ ಆಯಿತು.

ಅಳಿವೆಯಿಂದ ಒಳಗೆ ಬಂದರೆ ಎಡಕ್ಕೆ ತಳಂಗರೆ, ಬಲಕ್ಕೆ ಗುಡ್ಡದ ಮೇಲೆ ಚಂದ್ರಗಿರಿ ಕೋಟೆ. 17ನೇ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ್ದು. ಹಿಂದೆ ತುಳುನಾಡಿಗೂ ಮಲಯಾಳ ನಾಡಿಗೂ ಈ ಹೊಳೆಯೇ ಗಡಿ. ಕೋಟೆ ಯಾಕೆ ಅಲ್ಲೇ ಇದೆ ಎಂಬುದು ದೋಣಿಯಲ್ಲಿ ಕೂತರೆ ತಾನಾಗಿ ತಿಳಿಯುತ್ತದೆ. ಒಳನಾಡಿಗೆ ಹೋಗುವ ಯಾವ ದೋಣಿಯೂ ಅದರ ಕಣ್ಣು ತಪ್ಪಿಸಲು ಆಗುವುದಿಲ್ಲ. ರಸ್ತೆ ಸೇತುವೆ, ರೈಲು ಸೇತುವೆ ಎರಡರ ಅಡಿಯಲ್ಲೂ ಹಾದೆವು. ಮೇಲೆ ರೈಲು ಹೋಗುತ್ತಿದ್ದರೆ ಕೆಳಗೆ ನೀರುಕಾಗೆಗಳು ಕಂಬದ ಬುಡದಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು.

ಅಲ್ಲಿಂದ ಮೇಲೆ ಹೊಳೆ ಹಸಿರಾಗುತ್ತದೆ. ಮೊದಲು ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಬೇರುಗಳೆಲ್ಲ ನೀರಿನ ಮೇಲೆ. ಆಮೇಲೆ ನೀರಿಗೆ ಬಾಗಿದ ತೆಂಗು. ತೆಕ್ಕಿಲ್ ಸೇತುವೆ ದಾಟಿದ ಮೇಲೆ ಅಡಿಕೆ ತೋಟ ಕಾಣಿಸಿತು. ಅಡಿಕೆ ಕಂಡ ಕೂಡಲೇ ನನಗೆ ಊರು ಹತ್ತಿರ ಬಂದ ಹಾಗೆ ಅನಿಸಿತು. ಅದೇನೂ ಹತ್ತಿರವಲ್ಲ, ಇನ್ನೂ ಅರ್ಧ ದಿನದ ದಾರಿ, ಅದೂ ಬಸ್ಸಿನಲ್ಲಿ.

ಒಂದು ತಿರುವಿನಲ್ಲಿ ದೋಣಿಯಾತ ಎಂಜಿನ್ ನಿಲ್ಲಿಸಿದ. ನೀರು ಕುಡಿದು ನೋಡಿ ಎಂದ. ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದೆ. ಸಪ್ಪೆ, ಉಪ್ಪಿನ ಸುಳಿವೇ ಇಲ್ಲ. ಆತ ನಕ್ಕ. ಸೋಡಾ ಬಾಟಲಿಯೊಂದರ ಕುತ್ತಿಗೆಗೆ ದಾರ ಕಟ್ಟಿದ, ಬುಡಕ್ಕೆ ಕಲ್ಲು ಕಟ್ಟಿದ, ಬಾಯಿಗೆ ಬಾಳೆನಾರು ಕಟ್ಟಿದ ಮರದ ಬೆಣೆ ತುರುಕಿದ. ಬಾಟಲಿ ತಳ ಮುಟ್ಟಿದ ಮೇಲೆ ನಾರನ್ನು ಜಗ್ಗಿ ಬೆಣೆ ಕಿತ್ತ. ಗುಳುಗುಳು ಗುಳ್ಳೆ ಬಂತು. ಮೇಲೆತ್ತಿ ಕೊಟ್ಟ ನೀರು ಬಾಯಿಗೆ ಇಡಲು ಆಗದಷ್ಟು ಉಪ್ಪು. ಒಂದೇ ಹೊಳೆ, ಮೇಲೆ ಸಪ್ಪೆ, ಕೆಳಗೆ ಕಡಲು. ಉಪ್ಪು ನೀರು ಭಾರ, ಹಾಗಾಗಿ ಅದು ತಳ ಹಿಡಿದು ಮೇಲಕ್ಕೆ ತೆವಳುತ್ತದೆ. ಕಲಕದೆ ಬಿಟ್ಟ ಬೆಲ್ಲದ ಕಾಫಿಯ ಹಾಗೆ, ಮೇಲಿನ ಗುಟುಕಿನಲ್ಲಿ ಅಡಿಯ ರುಚಿ ಗೊತ್ತೇ ಆಗುವುದಿಲ್ಲ. ಮಳೆಗಾಲದಲ್ಲಿ ಘಟ್ಟದ ನೀರು ಜೋರಾಗಿ ಬಂದು ಉಪ್ಪನ್ನು ಅಳಿವೆಯವರೆಗೂ ದಬ್ಬುತ್ತದೆ. ಮಾರ್ಚ್, ಏಪ್ರಿಲ್ ಬಂದಂತೆ ಘಟ್ಟದ ಜೋರು ಇಳಿಯುತ್ತದೆ, ಉಪ್ಪು ಮೇಲೇರುತ್ತದೆ.

ಕಾಸರಗೋಡು ಪೇಟೆಯವರು ಇದನ್ನು ನಾಲಿಗೆಯಲ್ಲೇ ಕಲಿತವರು. ಅವರಿಗೆ ಕುಡಿಯುವ ನೀರು ಹೋಗುವುದು ಇದೇ ಹೊಳೆಯ ಬಾವಿಕ್ಕರೆಯಿಂದ. ವರ್ಷಾನುಗಟ್ಟಲೆ ಬೇಸಿಗೆಯಲ್ಲಿ ಮರಳಿನ ಮೂಟೆ ಪೇರಿಸಿ ತಾತ್ಕಾಲಿಕ ಕಟ್ಟ ಕಟ್ಟುತ್ತಿದ್ದರು. ಕಟ್ಟ ತಡವಾದರೆ ಅಥವಾ ಒಡೆದರೆ ನಲ್ಲಿಯಲ್ಲಿ ಉಪ್ಪು ನೀರು. ಅನ್ನಕ್ಕೆ ಬೇರೆ ಉಪ್ಪು ಬೇಡ ಎಂದು ಅಲ್ಲಿಯವರು ತಮಾಷೆ ಮಾಡುತ್ತಿದ್ದರು, ತಮಾಷೆ ಮಾಡದೆ ಬೇರೆ ದಾರಿ ಇರಲಿಲ್ಲ. ಈಗ ಅಲ್ಲಿ ಬಾಗಿಲುಗಳಿರುವ ಕಾಂಕ್ರೀಟ್ ಕಟ್ಟ ಬಂದಿದೆ. ನಮ್ಮ ದೋಣಿಯೂ ಅದರ ಮುಂದೆ ನಿಂತಿತು. ಈಚೆ ಕಡೆ ಕಡಲು ಉಸಿರಾಡುವ ನೀರು, ಆಚೆ ಕಡೆ ಘಟ್ಟದ ನೀರು. ನನಗೆ ಬೇಕಿದ್ದದ್ದು ಆಚೆಯದು.

ಇಲ್ಲಿ ಒಂದು ಮಾತು ಹೇಳಬೇಕು. ಈ ಕಟ್ಟ ಇಲ್ಲದಿದ್ದರೂ ದೋಣಿ ತುಂಬಾ ದೂರ ಹೋಗುತ್ತಿರಲಿಲ್ಲ. ಉಬ್ಬರ ಎಲ್ಲಿ ಸೋಲುತ್ತದೋ ಅಲ್ಲಿಂದ ಮೇಲೆ ಹೊಳೆಗೆ ಕಲ್ಲು ಶುರು. ನಮ್ಮ ಪಡುವಣದ ಹೊಳೆಗಳ ಕಥೆಯೇ ಇಷ್ಟು. ಘಟ್ಟದ ತಲೆಯಿಂದ ಬುಡಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಧುಮುಕಿ ಬಿಡುತ್ತವೆ, ಉಳಿದ ದಾರಿಯಲ್ಲಿ ಮೆಲ್ಲ ಹರಿಯುತ್ತವೆ. ದೋಣಿಗೆ ಸಿಗುವುದು ಆ ಮೆಲ್ಲ ಹರಿಯುವ ಭಾಗದಲ್ಲೂ ಕೊನೆಯ ತುಂಡು ಮಾತ್ರ.

ಬಾವಿಕ್ಕರೆಯಿಂದ ಮೇಲಿನದ್ದನ್ನು ರಸ್ತೆಯಲ್ಲೇ ನೋಡಿದೆ. ಸುಳ್ಯಕ್ಕೆ ಬರುವ ಹೊತ್ತಿಗೆ ಪಯಸ್ವಿನಿ ಪೂರ್ತಿ ನಮ್ಮ ಹೊಳೆಯಾಗಿಬಿಟ್ಟಿರುತ್ತದೆ. ಕಲ್ಲು, ಮಡು, ಮತ್ತೆ ಕಲ್ಲು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಇದೇ ಹೊಳೆಗೆ, ಅರಂಬೂರಿನಲ್ಲಿ, 1989ರಲ್ಲಿ. ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಅರಂಬೂರಿನ ಜನರು ಕೇಳಿದ್ದು ಹೊಳೆಯ ಉದ್ದಕ್ಕೆ ಹೋಗುವ ದಾರಿಯನ್ನಲ್ಲ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಬೇಕು, ಕಾಯಿಲೆಯವರು ಆಸ್ಪತ್ರೆಗೆ ಹೋಗಬೇಕು, ಹೊಳೆ ಅಡ್ಡ ಇದೆ. ಅಂದರೆ ತೆಕ್ಕಿಲ್ ಮತ್ತು ಅರಂಬೂರಿನ ನಡುವೆ ಎಲ್ಲೋ ಒಂದು ಕಡೆ ಹೊಳೆ ದಾರಿಯಾಗಿರುವುದನ್ನು ಬಿಟ್ಟು ಅಡ್ಡಿಯಾಗುತ್ತದೆ. ಅದಕ್ಕೆ ಗಡಿಕಲ್ಲು ಯಾರೂ ನೆಟ್ಟಿಲ್ಲ. ನನಗೆ ಮಾತ್ರ ರಾಜ್ಯದ ಗಡಿಗಿಂತ ಆ ಗಡಿಯೇ ದೊಡ್ಡದು ಎನಿಸಿತು.

ರಾಜ್ಯದ ಗಡಿ ಈ ಹೊಳೆಯ ಮೇಲೆ ಎಷ್ಟು ಸಲ ಬದಲಾಗಿದೆ ಅಂತೀರಿ! ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಸುಳ್ಯ ಸೀಮೆ ಕೊಡಗಿನದ್ದೇ. 1834ರಲ್ಲಿ ಬ್ರಿಟಿಷರು ಕೊಡಗನ್ನು ನುಂಗಿದ ಮೇಲೆ ಅದನ್ನು ಕೆನರಾಕ್ಕೆ, ಅಂದರೆ ಕರಾವಳಿಯ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಭತ್ತದಲ್ಲಿ ಕಂದಾಯ ಕೊಡುತ್ತಿದ್ದ ರೈತರು ಇನ್ನು ಮೇಲೆ ದುಡ್ಡಿನಲ್ಲೇ ಕೊಡಬೇಕು ಎಂದರು. 1837ರ ಅಮರ ಸುಳ್ಯದ ದಂಗೆಗೆ ಇದೂ ಒಂದು ಕಾರಣ. ಸುಳ್ಯದಿಂದ ಹೊರಟವರು ಮಂಗಳೂರಿನ ಬಾವುಟಗುಡ್ಡೆಯವರೆಗೂ ಹೋದರು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು, ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ಹೊಳೆಯ ತಲೆ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಸುಳ್ಯ, ಸಂಪಾಜೆ, ಮಡಿಕೇರಿಯಲ್ಲಿ ಅರೆಭಾಷೆ ಮಾತಾಡುವವರಿಗೆ ಈ ಗೆರೆಗಳ ಬಗ್ಗೆ ಅಷ್ಟೇನೂ ತಲೆಬಿಸಿ ಇಲ್ಲ. ನೆಂಟಸ್ತಿಕೆ ಘಟ್ಟದ ಮೇಲೂ ಇದೆ, ಕೆಳಗೂ ಇದೆ.

ದೋಣಿಯಾತ ವಾಪಸ್ ಬರುವಾಗ 2018ರ ಆಗಸ್ಟ್ ನೆನಪು ಮಾಡಿಕೊಂಡ. ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಜಾರಿದ ಸುದ್ದಿಯನ್ನು ಆತ ಟಿವಿಯಲ್ಲಿ ಆಮೇಲೆ ನೋಡಿದ್ದಂತೆ. ಅದಕ್ಕೆ ಮೊದಲೇ ಹೊಳೆಯ ಬಣ್ಣ ಹೇಳಿತ್ತು. ಬಲೆ ಹಾಕಿದರೆ ಮೀನಿಗಿಂತ ಜಾಸ್ತಿ ಬೇರು, ಕೊಂಬೆ ಬರುತ್ತಿದ್ದವು ಎಂದ. ನಮಗೆ ಅದು ರಸ್ತೆ ಕಡಿದು ಹೋದ ವರ್ಷ, ಮನೆ ಹೋದ ವರ್ಷ. ಕೆಳಗಿನವರಿಗೆ ಅದು ಹೊಳೆ ಕೆಂಪಾದ ವರ್ಷ. ಜಾರಿದ ಮಣ್ಣು ಎಲ್ಲಿಗೆ ಹೋಯಿತು ಎಂದು ನಾವು ಒಂದು ದಿನವಾದರೂ ಕೇಳಿದ್ದೇವಾ? ಅದು ಹೋದದ್ದು ಇವರ ಬಲೆಗೆ.

ನೇತ್ರಾವತಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಳಿವೆ ಚೆನ್ನಾಗಿದೆ, ಉಳ್ಳಾಲದ ಸೇತುವೆಯಿಂದ ಮೇಲೆ ಕುದುರುಗಳು, ಅಂದರೆ ಹೊಳೆಯ ನಡುವಿನ ದ್ವೀಪಗಳು, ಇನ್ನೂ ಚೆನ್ನ. ಆದರೆ ತುಂಬೆಯಲ್ಲಿ ಮಂಗಳೂರಿಗೆ ನೀರು ಕೊಡುವ ಅಣೆಕಟ್ಟು ಇದೆ, ದೋಣಿಯ ಕಥೆ ಅಲ್ಲಿಗೆ ಮುಗಿಯಿತು. ಹಿಂದೆ ದೋಣಿಗಳು ಬಂಟ್ವಾಳದವರೆಗೂ ಬರುತ್ತಿದ್ದವು. ಘಟ್ಟದಿಂದ ಎತ್ತಿನಗಾಡಿಯಲ್ಲಿ ಬಂದ ಸರಕು ಬಂಟ್ವಾಳ, ಪಾಣೆಮಂಗಳೂರಿನಲ್ಲಿ ಇಳಿದು ದೋಣಿ ಹತ್ತುತ್ತಿತ್ತು. ಬಂಟ್ವಾಳದ ಹಳೆಯ ಪೇಟೆ ಹೊಳೆಗೆ ಅಂಟಿಕೊಂಡೇ ಇರುವುದು ಅದಕ್ಕೇ. ಅದಕ್ಕೆ ತಕ್ಕ ದಂಡವನ್ನೂ ಕಟ್ಟಿದೆ. 1923ರ ನೆರೆ, 1974ರ ನೆರೆಯನ್ನು ಅಲ್ಲಿಯವರು ಇನ್ನೂ ಮರೆತಿಲ್ಲ. ನಮ್ಮ ಹಳೆಯ ಮನೆಗಳ ಮಾಡಿನಿಂದ ಒಂದು ಹಂಚು ಇಳಿಸಿ ಹಿಂದೆ ನೋಡಿ, ಮಂಗಳೂರಿನ ಕಾರ್ಖಾನೆಯ ಮುದ್ರೆ ಇರುತ್ತದೆ. 1860ರ ದಶಕದಲ್ಲಿ ಬಾಸೆಲ್ ಮಿಶನ್ ಶುರು ಮಾಡಿದ ಆ ಹಂಚಿನ ಕೆಲಸಕ್ಕೆ ಜೇಡಿಮಣ್ಣು ಬಂದದ್ದು ಹೊಳೆದಂಡೆಯಿಂದ, ದೋಣಿಯಲ್ಲಿ. ಕಾಫಿ ಕೆಳಗಿಳಿಯಿತು, ಹಂಚು ಮೇಲೆ ಬಂತು. ಕುಮಾರಧಾರೆಗೆ ನಾನು ದೋಣಿ ಹಾಕಿಲ್ಲ, ಹಾಕುವ ಆಸೆಯೂ ಇಲ್ಲ. ಆ ಕಲ್ಲುಗಳನ್ನು ಸುಬ್ರಹ್ಮಣ್ಯದ ಸೇತುವೆಯಿಂದ ನೋಡಿದರೆ ಸಾಕು.

ವಳಪಟ್ಟಣಂ ಹೊಳೆಯ ವಿಷಯ ಬೇರೆ. ಮೂರರಲ್ಲಿ ನನಗೆ ತುಂಬಾ ಹಿಡಿಸಿದ್ದು ಇದು. ಇಲ್ಲಿಗೆ ಹೋಗಲು ಪರಿಚಯದವರ ದೋಣಿಯೂ ಬೇಕಾಗಿಲ್ಲ. ಪರಶ್ಶಿನಿಕಡವಿನ ಜೆಟ್ಟಿಯಿಂದ ಸರ್ಕಾರಿ ಬೋಟ್ ಇದೆ. ವಳಪಟ್ಟಣಂ, ಅಲ್ಲಿಂದ ಅಳಿವೆಯ ಹತ್ತಿರದ ಮಾಟ್ಟೂಲ್ ಕಡೆಗೆಲ್ಲ ಜನ ಬಸ್ಸಿನಲ್ಲಿ ಹೋದ ಹಾಗೆ ಹೋಗುತ್ತಾರೆ. ಮೀನಿನ ಬುಟ್ಟಿ, ಶಾಲೆ ಚೀಲ, ಕೊಡೆ. ಅಳಿವೆಯ ಹತ್ತಿರ ಹೊಳೆ ಎಷ್ಟು ಅಗಲ ಅಂದರೆ ಆಚೆ ದಡದ ತೆಂಗಿನ ಮರಗಳು ಹುಲ್ಲಿನಷ್ಟೇ ಕಾಣುತ್ತವೆ. ಬರಪೊಳೆಯನ್ನು ಮಾಕುಟ್ಟದಲ್ಲಿ ನೋಡಿದವರಿಗೆ ಇದೇ ಅದು ಎಂದರೆ ನಂಬಿಕೆ ಬರುವುದಿಲ್ಲ.

ವಳಪಟ್ಟಣಂ ಮರದ ಊರು. ಘಟ್ಟದಲ್ಲಿ ಕಡಿದ ಮರ ಹೊಳೆಯಲ್ಲಿ ತೇಲಿ ಇಲ್ಲಿಗೆ ಬರುತ್ತಿತ್ತು. 1945ರಲ್ಲಿ ಇಲ್ಲೇ ದೊಡ್ಡ ಪ್ಲೈವುಡ್ ಕಾರ್ಖಾನೆಯೊಂದು ಶುರುವಾಯಿತು. ಸ್ವಲ್ಪ ಮೇಲೆ ಹೋದರೆ ಇರಿಕ್ಕೂರು, ಹೊಳೆದಂಡೆಯ ಹಳೆಯ ವ್ಯಾಪಾರದ ಊರು. ಮಲೆಯ ಸರಕು ಇಲ್ಲಿ ದೋಣಿ ಹತ್ತಿ ಕೆಳಕ್ಕೆ ಹೋಗುತ್ತಿತ್ತು. ಬಂಟ್ವಾಳದ ಕೆಲಸವನ್ನೇ ಇದು ಈ ಹೊಳೆಯಲ್ಲಿ ಮಾಡುತ್ತಿತ್ತು. ಕೊಡಗಿಗೆ ಬಂದರು ಇರಲಿಲ್ಲ ಎನ್ನುತ್ತೇವೆ. ಸರಿ, ಇರಲಿಲ್ಲ. ಆದರೆ ದೋಣಿ ಕೊನೆಯಾಗುವ ಜಾಗಗಳು ಇದ್ದವು, ನಮ್ಮ ಘಟ್ಟದ ದಾರಿಗಳೆಲ್ಲ ಅವುಗಳ ಕಡೆಗೇ ಇಳಿದವು. ಸಂಪಾಜೆಯ ದಾರಿ ನೇತ್ರಾವತಿಯ ಕಡೆಗೆ, ಪೆರುಂಬಾಡಿಯ ದಾರಿ ವಳಪಟ್ಟಣಂ ಹೊಳೆಯ ಕಡೆಗೆ. ಅಕ್ಕಿ, ಏಲಕ್ಕಿ ಕೆಳಗೆ ಹೋಯಿತು. ಉಪ್ಪು, ಒಣಮೀನು ಮೇಲೆ ಬಂತು. 1791ರಲ್ಲಿ ಟಿಪ್ಪುವಿನ ಮೇಲೆ ಹೊರಟ ಬಾಂಬೆಯ ಸೈನ್ಯವನ್ನು ಜನರಲ್ ಅಬರ್‌ಕ್ರಾಂಬಿ ಹತ್ತಿಸಿದ್ದೂ ವಳಪಟ್ಟಣಂ ಕಡೆಯ ಈ ದಾರಿಯಲ್ಲೇ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಅವನನ್ನು ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿಸಿದ ಪೇಟೆಯೇ ವಿರಾಜಪೇಟೆ. ಇವತ್ತಿಗೂ ವಿರಾಜಪೇಟೆಯ ಮೀನು ಬರುವುದು ಆ ಕಡೆಯಿಂದಲೇ, ಅಲ್ವಾ?

ಸರಕಷ್ಟೇ ಅಲ್ಲ, ದೇವರುಗಳೂ ಇದೇ ದಾರಿಯಲ್ಲಿ ಓಡಾಡಿದ್ದಾರೆ. ಇಗ್ಗುತ್ತಪ್ಪ ಮತ್ತು ಒಡಹುಟ್ಟಿದವರ ಕಥೆ ಕೊಡಗಿನಲ್ಲಿ ಎಲ್ಲರೂ ಕೇಳಿದ್ದೇ. ಆರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಶಂಖದಲ್ಲಿ ಕುಳಿತು ಕಡಲು ದಾಟಿ ಮಲಯಾಳ ತೀರಕ್ಕೆ ಬಂದರು. ಮೂವರು ಕೆಳಗೇ ಉಳಿದರು. ಒಬ್ಬ ಕಾಂಞಿರಂಗಾಡಿನಲ್ಲಿ, ಒಬ್ಬ ತ್ರಿಚ್ಚಂಬರದಲ್ಲಿ, ಎರಡೂ ತಳಿಪರಂಬದ ಹತ್ತಿರ. ಇನ್ನೊಬ್ಬ ಬೈತೂರಿನಲ್ಲಿ, ಅದು ಘಟ್ಟದ ಬುಡದ ಉಳಿಕ್ಕಲ್ ಕಡೆ. ಉಳಿದವರು ಘಟ್ಟ ಹತ್ತಿದರು. ಇಗ್ಗುತ್ತಪ್ಪ ಕಕ್ಕಬ್ಬೆಗೆ, ಪಾಲೂರಪ್ಪ ಪಾಲೂರಿಗೆ, ಪೆಮ್ಮಯ್ಯ ತಿರುನೆಲ್ಲಿಗೆ, ತಂಗಿ ಪೊನ್ನಂಗಾಲಕ್ಕೆ.

ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಊರುಗಳನ್ನು ನಕ್ಷೆಯ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿರಲಿಲ್ಲ. ಇಟ್ಟರೆ ಒಂದು ಗೆರೆ ಎದ್ದು ಬರುತ್ತದೆ. ಕಡಲು, ಅಲ್ಲಿಂದ ತಳಿಪರಂಬ, ಘಟ್ಟದ ಬುಡದ ಬೈತೂರು, ಘಟ್ಟದ ಮೇಲಿನ ಕಕ್ಕಬ್ಬೆ. ಉಪ್ಪಿನ ಮೂಟೆ ಬಂದ ದಿಕ್ಕೂ ಇದೇ. ನೀರು ಇರುವವರೆಗೆ ತೇಲಿ ಬಂದರು, ಆಮೇಲೆ ನಡೆದರು. ಕಥೆ ಕಟ್ಟಿದವರಿಗೆ ಈ ನಾಡಿನ ದಾರಿ ಚೆನ್ನಾಗಿ ಗೊತ್ತಿತ್ತು ಎಂದೇ ನನ್ನ ಎಣಿಕೆ.

ಪರಶ್ಶಿನಿಕಡವಿನ ದೇವರು ಮುತ್ತಪ್ಪ ಇದಕ್ಕೆ ಎದುರು ದಿಕ್ಕಿನವನು. ಅವನ ಮೂಲ ನೆಲೆ ಕುನ್ನತ್ತೂರ್ ಪಾಡಿ, ಕೊಡಗಿನ ಗಡಿಗೆ ತಾಗಿದ ಕಾಡು. ಅಲ್ಲಿಂದ ಬಿಟ್ಟ ಬಾಣ ಪರಶ್ಶಿನಿಯ ಹೊಳೆದಂಡೆಗೆ ಬಂದು ನಾಟಿತು, ಅಲ್ಲೇ ನೆಲೆಯಾಯಿತು ಎನ್ನುತ್ತಾರೆ. ಒಬ್ಬ ದೇವರು ಕಡಲಿನಿಂದ ಮೇಲೆ ಹತ್ತಿದ, ಇನ್ನೊಬ್ಬ ಕಾಡಿನಿಂದ ಹೊಳೆಗೆ ಇಳಿದ. ಪರಶ್ಶಿನಿಯ ಮಡಪ್ಪುರದ, ಅಂದರೆ ಮುತ್ತಪ್ಪನ ಗುಡಿಯ, ಮೆಟ್ಟಿಲುಗಳು ಹೊಳೆಗೆ ಹತ್ತಿರ. ಬಾಗಿಲಲ್ಲಿ ಕಂಚಿನ ನಾಯಿಗಳು, ಒಳಗೆ ನಿಜವಾದ ನಾಯಿಗಳು. ಯಾರೂ ಓಡಿಸುವುದಿಲ್ಲ, ಅವು ಮುತ್ತಪ್ಪನ ಜೊತೆಯವು. ಕಳ್ಳು, ಒಣಮೀನಿನ ನೈವೇದ್ಯ. ಬಂದವರಿಗೆಲ್ಲ ಚಹಾ, ಬೇಯಿಸಿದ ಕಾಳು, ಜೊತೆಗೆ ತೆಂಗಿನಕಾಯಿ ಚೂರು. ಜಾತಿ, ಊರು ಕೇಳುವುದಿಲ್ಲ. ಸಾಲಿನಲ್ಲಿ ನನ್ನ ಮುಂದೆ ಇದ್ದ ಕುಟುಂಬ ಕೊಡವ ತಕ್ಕ್ ಮಾತಾಡುತ್ತಿತ್ತು. ಹಿಂದೆ ಇದ್ದವರು ಗೋಣಿಕೊಪ್ಪದವರು. ಕೊಡಗಿನವರು ಪರಶ್ಶಿನಿಗೆ ಹೋಗುವುದು ಹೊಸದೇನಲ್ಲ, ಮಡಿಕೇರಿಯಲ್ಲೂ ಮುತ್ತಪ್ಪನ ಗುಡಿ ಇದೆ. ಆದರೆ ಅವರಲ್ಲಿ ಹೆಚ್ಚಿನವರು ಕಾರಿನಲ್ಲಿ ಬಂದು, ಚಹಾ ಕುಡಿದು, ಕಾರಿನಲ್ಲೇ ಹೋಗುತ್ತಾರೆ. ಹತ್ತು ಹೆಜ್ಜೆ ಕೆಳಗೆ ಜೆಟ್ಟಿಯಲ್ಲಿ ಬೋಟ್ ನಿಂತಿರುತ್ತದೆ. ಗೋಣಿಕೊಪ್ಪದವರಿಗೆ ಹೇಳಿದೆ. ಹೊಳೆಯಲ್ಲಿ ಹೋಗಿ ಏನು ಮಾಡುವುದು, ಎಂದರು. ನಾನು ಮೊದಲಿಗೇ ಹೇಳಿದ್ದು ಇದನ್ನೇ.

ಕಣ್ಣೂರು ಕಡೆಯ ಪಯ್ಯಾವೂರಿನ ಶಿವನ ಊಟ್ಟು ಹಬ್ಬಕ್ಕೆ ಕೊಡಗಿನಿಂದ ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಕಾಡುದಾರಿಯಲ್ಲಿ ಇಳಿಯುವ ಸಂಪ್ರದಾಯ ಇನ್ನೂ ಉಳಿದಿದೆ. ಲಾರಿಯಲ್ಲಿ ಕೆಲವೇ ಗಂಟೆಗಳ ಕೆಲಸ, ಎತ್ತಿನ ಬೆನ್ನಿನ ಮೇಲೆ ಮಾಡುತ್ತಾರೆ. ಅಲ್ಲಿಯವರು ಅವರನ್ನು ಕಾದು ನಿಂತು ಬರಮಾಡಿಕೊಳ್ಳುತ್ತಾರೆ. ವ್ಯಾಪಾರ ನಿಂತು ಎಷ್ಟೋ ಕಾಲವಾಯಿತು, ಅಕ್ಕಿ ಇಳಿಯುವುದು ನಿಂತಿಲ್ಲ. ಬೋಟ್ ಪ್ರವಾಸದ ಜಾಹೀರಾತುಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಅಲ್ಲಿ ಸೂರ್ಯಾಸ್ತ ಇರುತ್ತದೆ.

ಈ ಹೊಳೆಯ ಮೇಲಿನ ಭಾಗಕ್ಕೆ ಬಂದರೆ ಇರಿಟ್ಟಿಯ ಹತ್ತಿರ ಪಳಶ್ಶಿ ಅಣೆಕಟ್ಟು. ಅದರಿಂದ ಮೇಲೆ ಕೂಟುಪುಳದಲ್ಲಿ ರಾಜ್ಯದ ಗಡಿ, ಸೇತುವೆ, ಮಾಕುಟ್ಟದ ಕಾಡು. ಅಲ್ಲಿಂದ ಮೇಲೆ ಬರಪೊಳೆ ಬರೀ ಬಂಡೆ. ವಿಚಿತ್ರ ಅಂದರೆ ಕೊಡಗಿನಲ್ಲಿ ಹೊಳೆಯ ಉದ್ದಕ್ಕೆ ದೋಣಿ ಹೋಗುವ ಒಂದು ಜಾಗ ಇದೇ ಬರಪೊಳೆಯಲ್ಲಿದೆ. ಮಳೆಗಾಲದಲ್ಲಿ ಟಿ. ಶೆಟ್ಟಿಗೇರಿ ಕಡೆ ರಾಫ್ಟಿಂಗ್ ನಡೆಯುತ್ತದೆ. ಆದರೆ ಅದು ಪ್ರಯಾಣವಲ್ಲ. ರಾಫ್ಟ್ ಕೆಳಕ್ಕೆ ಹೋಗುತ್ತದೆ, ಜೀಪಿನ ತಲೆಯ ಮೇಲೆ ಕೂತು ಮೇಲಕ್ಕೆ ಬರುತ್ತದೆ. ನಾನೂ ಹೋಗಿದ್ದೇನೆ. ಕಿರುಚಿದ್ದು ನೆನಪಿದೆ, ಹೊಳೆ ನೆನಪಿಲ್ಲ. ಹೆಲ್ಮೆಟ್ಟು, ಹುಟ್ಟು, ಗೈಡ್ ಕೂಗಿದ್ದು, ಅಷ್ಟರಲ್ಲಿ ಮುಗಿಯಿತು. ಮಾಟ್ಟೂಲಿನ ಬೋಟಿನಲ್ಲಿ ಪಕ್ಕದ ಸೀಟಿನವರು ನಿದ್ದೆ ಮಾಡುತ್ತಿದ್ದರು. ನನ್ನ ಮಟ್ಟಿಗೆ ಅದೇ ನಿಜವಾದ ಹೊಳೆ ಪ್ರಯಾಣ.

ಹೋಗಿ ನೋಡುವ ಮನಸ್ಸಿದ್ದವರಿಗೆ ಎರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹೊಳೆಗಳ ತಂಟೆಗೆ ಹೋಗಬೇಡಿ, ಘಟ್ಟದಲ್ಲಿ ಒಂದು ರಾತ್ರಿ ಸುರಿದ ಮಳೆ ಕೆಳಗೆ ಬಿಸಿಲಿದ್ದಾಗಲೇ ಬಂದು ಮುಟ್ಟುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ಈಜು ಬರುತ್ತದೆ ಎಂಬ ಧೈರ್ಯ ಅಳಿವೆಯ ಸೆಳೆತದ ಮುಂದೆ ನಡೆಯುವುದಿಲ್ಲ. ಬಾಡಿಗೆ ಮಾತಾಡುವ ಮೊದಲು ಉಬ್ಬರದ ಹೊತ್ತು ಕೇಳಿ. ಇಳಿತದಲ್ಲಿ ಹೊರಟರೆ ಹೋಗುವಾಗ ಎಂಜಿನ್ ಎಣ್ಣೆ ಕುಡಿಯುತ್ತದೆ, ಬರುವಾಗ ದೋಣಿ ಮರಳು ದಿಣ್ಣೆಗೆ ಕೂರುತ್ತದೆ.

ನನಗೆ ಇರಿಕ್ಕೂರಿನ ತುಂಡು ಇನ್ನೂ ಬಾಕಿ ಇದೆ. ಜನವರಿಯಲ್ಲಿ ಬೈತೂರಿನ ಹಬ್ಬಕ್ಕೆ ಕೊಡಗಿನಿಂದ ತುಂಬಾ ಜನ ಹೋಗುತ್ತಾರೆ. ಅವರು ಮಾಕುಟ್ಟದಿಂದ ಇಳಿಯಲಿ, ನಾನು ಅಳಿವೆಯಿಂದ ಹತ್ತಿ ಬರುತ್ತೇನೆ ಎಂದು ಮನೆಯಲ್ಲಿ ಹೇಳಿದ್ದೇನೆ. ಇರಿಕ್ಕೂರಿನಿಂದ ಮುಂದೆ ಬಸ್ಸು, ಉಪಾಯ ಇಲ್ಲ. ವಳಪಟ್ಟಣದ ದೋಣಿಯವರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದೆ. ಎಷ್ಟು ಜನ, ಎಷ್ಟು ದುಡ್ಡು ಎಂದು ಅವರು ಕೇಳಲಿಲ್ಲ. ನಿಮ್ಮ ಹಬ್ಬ ಅಮಾವಾಸ್ಯೆಗೆ ಹತ್ತಿರವೋ ದೂರವೋ, ಅದನ್ನು ನೋಡಿ ಹೇಳಿ ಎಂದರು.